ಸವತಿಕಟ್ಟೆಯ ಎರಡನೆಯ ಎಲೆ

ಮರಳುಕೋಡಿಯಲ್ಲಿ ಹೊಳೆ ಕಡಲನ್ನು ಸೇರುವ ಕಡೆ, ಮೀನು ಒಣಹಾಕುವ ಬಯಲಿನ ಅಂಚಿಗೆ ಒಂದು ಹಳೆಯ ಗೋಳಿಮರವಿದೆ. ಅದರ ಬುಡಕ್ಕೆ ಕೆಂಪು ಮುರಕಲ್ಲಿನ ಕಟ್ಟೆ. ಕಟ್ಟೆಯ ಮೂಡು ಮುಖದ ಗಾರೆಯಲ್ಲಿ ಬಿಳಿ ಪಿಂಗಾಣಿಯ ಚೂರುಗಳನ್ನು ಒತ್ತಿ ಕೂರಿಸಿದ್ದಾರೆ. ಒಂದು ಚೂರಿನಲ್ಲಿ ನೀಲಿ ಮೀನಿನ ಬಾಲ ಈಗಲೂ ಚೆನ್ನಾಗಿ ಕಾಣುತ್ತದೆ. ಇದಕ್ಕೆ ಸವತಿಕಟ್ಟೆ ಎಂದು ಹೆಸರು. ಹೊಳೆಯ ತೆಂಕಣ ದಡದವರಿಗೆ ದೀಪಸ್ತಂಭವಿದೆ, ಹೋಟೆಲುಗಳಿವೆ, ರಜೆ ಬಂತೆಂದರೆ ಕಾರುಗಳ ಸಾಲಿದೆ. ನಮಗಿರುವುದು ಇದೊಂದೇ ಕಟ್ಟೆ. ಅದರ ಮೇಲೂ ಅವರ ಕಣ್ಣು. ಅಲ್ಲಿನ ರಿಕ್ಷಾದವರು, ಇಬ್ಬರು ಸವತಿಯರು ಜುಟ್ಟು ಹಿಡಿದು ಕಾದಾಡಿ ಇಲ್ಲೇ ಹೊಳೆಗೆ ಬಿದ್ದು ಸತ್ತರೆಂದು ಪ್ರವಾಸಿಗಳಿಗೆ ಕಥೆ ಕಟ್ಟಿ ಹೇಳುತ್ತಾರೆ. ಸವತಿಯರು ಜಗಳವಾಡುವುದಿರಲಿ, ಒಬ್ಬರನ್ನೊಬ್ಬರು ಕಣ್ಣಲ್ಲಿ ಸಹ ಕಂಡವರಲ್ಲ.

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಮೂಡಣ ಸಮುದ್ರದಿಂದ ಬಂದ ಒಂದು ದೊಡ್ಡ ಹಡಗು ಬಿರುಗಾಳಿಗೆ ಸಿಕ್ಕಿ, ಹಾಯಿ ಕಟ್ಟುವ ಕೂವೆಮರ ಮುರಿದು ಈ ಅಳಿವೆಯೊಳಗೆ ಬಂದು ನಿಂತಿತಂತೆ. ಅದರ ದುರಸ್ತಿಗೆ ಇಳಿದ ಚೀನೀ ಬಡಗಿಗಳಲ್ಲಿ ಕೆಲವರು ಹಡಗು ಹೊರಟಾಗ ಹತ್ತಲಿಲ್ಲ. ನಮ್ಮವರಿಗೆ ದೋಣಿ ಕಟ್ಟಿಕೊಡುತ್ತ ಇಲ್ಲೇ ಉಳಿದರು. ಅವರ ಕೈಯ ದೋಣಿ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ ಎನ್ನುತ್ತಾರೆ. ಊರಿಗೆ ಅವರ ಕೆಲಸ ಬೇಕಿತ್ತು, ಅವರು ಯಾರೆಂದು ಮಾತ್ರ ಊರಿಗೆ ತೀರ್ಮಾನಿಸಲು ಆಗಲೇ ಇಲ್ಲ. ಮದುವೆ ಮುಂಜಿಗಳ ಊಟದಲ್ಲಿ ಅವರನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ತೋಚದೆ ಹೊರಗಿನ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು. ಅವರೂ ತಲೆ ತಗ್ಗಿಸಿ ಉಂಡು, ಬಡಿಸಿದವರಿಗೆ ಕೈಮುಗಿದು ಹೋಗುತ್ತಿದ್ದರು. ಆ ಬಡಗಿಗಳಲ್ಲಿ ಆಹೋಕ್ ಎಂಬುವನೊಬ್ಬನಿದ್ದ. ಊರವರು ಅವನನ್ನು ಹೊಕ್ಕಾಚಾರಿ ಎಂದು ಕರೆದರು. ಮೀನುಗಾರರ ಹುಡುಗಿ ಬಚ್ಚಿ ಅವನನ್ನು ಮೆಚ್ಚಿ, ಮನೆಯವರ ಮಾತು ಮೀರಿ ಮದುವೆಯಾದಳು. ಅಂದಿನಿಂದ ಅವಳ ಎಲೆಯೂ ಜಗಲಿಗೆ ಬಂತು.

ಬಚ್ಚಿಗೆ ಅದರ ದುಃಖವಿರಲಿಲ್ಲ. ಅವಳ ಹೊಟ್ಟೆ ಉರಿಯಲು ತೊಡಗಿದ್ದು ಮದುವೆಯಾದ ಮೊದಲ ವರ್ಷ, ಆ ಜನರ ಹೊಸ ವರ್ಷದ ಮುನ್ನಾದಿನದ ಊಟಕ್ಕೆ ಕುಳಿತಾಗ. ಆಹೋಕ್ ತನ್ನ ಮರದ ಪೆಟ್ಟಿಗೆಯಿಂದ ನೀಲಿ ಮೀನಿನ ಚಿತ್ರವಿದ್ದ ಒಂದು ಬಿಳಿ ಬಟ್ಟಲನ್ನು ತೆಗೆದು, ಒರೆಸಿ, ಮೂಡು ದಿಕ್ಕಿಗೆ ಇಟ್ಟು, ಎಲ್ಲರಿಗಿಂತ ಮೊದಲು ಅದಕ್ಕೆ ಅನ್ನ ಬಡಿಸಿದ. ಮೀನಿನ ನಡು ತುಂಡನ್ನೂ ಅದಕ್ಕೇ ಹಾಕಿದ. ಯಾರಿಗೆಂದು ಕೇಳಿದರೆ ಅವನು ಸುಳ್ಳು ಹೇಳುವ ಗಂಡಸಲ್ಲ. ಚೀನಾದ ತನ್ನ ಊರಿನಲ್ಲಿ ಹೆಂಡತಿಯಿದ್ದಾಳೆ, ಮೀಸೆ ಮೂಡುವ ಮೊದಲೇ ಮದುವೆ ಮಾಡಿದ್ದರು, ಮರುವರ್ಷವೇ ತಾನು ಹಡಗು ಹತ್ತಿದೆ, ವರ್ಷಕ್ಕೊಂದು ದಿನ ಮನೆಯವರೆಲ್ಲ ಕೂಡಿ ಉಣ್ಣಬೇಕು, ದೂರವಿದ್ದವರಿಗೂ ಬಟ್ಟಲಿಡುವುದು ತಮ್ಮಲ್ಲಿನ ಕ್ರಮ ಎಂದ. ಊರ ಪಂಕ್ತಿಯನ್ನೇ ಇವನಿಗಾಗಿ ಬಿಟ್ಟು ಬಂದವಳಿಗೆ ಸ್ವಂತ ಮನೆಯ ಊಟದಲ್ಲಿ ಎರಡನೆಯ ಸರದಿ. ಬಚ್ಚಿ ಅಂದು ಕೈ ತೊಳೆದು ಎದ್ದುಹೋದಳು.

ಮುಂದಿನ ವರ್ಷಗಳಲ್ಲಿ ಅವಳು ಮಾಡದ ಕಿತಾಪತಿಯಿಲ್ಲ. ಒಮ್ಮೆ ಆ ಬಟ್ಟಲಿಗೆ ಬೇಕೆಂದೇ ತಳ ಹತ್ತಿದ ಅನ್ನವನ್ನು ತೆಗೆದಿಟ್ಟಳು. ಒಮ್ಮೆ ಸಾರಿಗೆ ಹಿಡಿ ಉಪ್ಪು ಸುರಿದಳು. ಗಂಡ ಅತ್ತ ತಿರುಗಿದಾಗ ಅನ್ನವನ್ನು ನಾಯಿಗೆ ಹಾಕಿದ್ದೂ ಉಂಟು. ಅವನು ಒಂದು ಮಾತೂ ಆಡದೆ ಬಟ್ಟಲನ್ನು ತೊಳೆದು ಮತ್ತೆ ಬಡಿಸುತ್ತಿದ್ದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಆ ಮೌನ ಕಂಡಷ್ಟೂ ಅವಳು ಕಾಣದವಳ ರೂಪವನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಚಂದ ಮಾಡುತ್ತ ಹೋದಳು. ಅವಳ ಬಣ್ಣ ಬೆಣ್ಣೆಯಂತಿರಬೇಕು, ಕೈಯಿಂದ ಮೀನಿನ ವಾಸನೆ ಬರಲಿಕ್ಕಿಲ್ಲ, ನನಗಿಂತ ಚೆನ್ನಾಗಿ ಅಡುಗೆ ಮಾಡುವವಳಿರಬೇಕು. ಗಂಡ ಕಡಲಿನ ಕಡೆ ನೋಡಿದರೆ ಅವಳನ್ನು ನೆನೆದ ಎಂದುಕೊಂಡಳು. ನೋಡದಿದ್ದರೆ ಬೇಕೆಂದೇ ಮರೆಮಾಚುತ್ತಿದ್ದಾನೆ ಎಂದುಕೊಂಡಳು. ಇವನು ಒಂದಲ್ಲ ಒಂದು ದಿನ ಅಲ್ಲಿಗೇ ಹೋಗುವವನು ಎಂಬ ಭಯ ಅವಳನ್ನು ಹಗಲೆಲ್ಲ ತಿನ್ನುತ್ತಿತ್ತು.

ಹಾಗಿರುವಾಗ ಒಂದು ವರ್ಷ, ಅವರ ಹೊಸ ವರ್ಷದ ಹೊತ್ತಿಗೇ, ಮೂಡಣಕ್ಕೆ ಮರಳುವ ಹಡಗೊಂದು ಅಳಿವೆಯ ಹೊರಗೆ ಲಂಗರು ಹಾಕಿತು. ಬಡಗಿಗಳ ಕೇರಿಯೆಲ್ಲ ತಮ್ಮ ಹುಟ್ಟೂರಿನ ಮಾತಿನಲ್ಲೇ ಮುಳುಗಿತು. ಆ ಸಂಜೆ ಆಹೋಕ್ ಬಟ್ಟಲಿಗೆ ಬಡಿಸಲು ಕೈ ಎತ್ತುವ ಮೊದಲೇ ಬಚ್ಚಿ ಅದನ್ನು ಕಸಿದುಕೊಂಡು ಹೊರಗೆ ನಡೆದಳು.

“ಅವ್ಳ್ ಉಂಡ್ ಹೊಟ್ಟಿ ತುಂಬ್ಸ್ಕಂಡದ್ ಸಾಕ್,” ಎಂದವಳೇ ಗೋಳಿಮರದ ಬುಡಕ್ಕೆ ಅದನ್ನು ಅಪ್ಪಳಿಸಿದಳು.

ವರ್ಷದ ಆ ದಿನ ಪಾತ್ರೆ ಒಡೆಯುವುದು ಅವರಲ್ಲಿ ದೊಡ್ಡ ಅಪಶಕುನ. ಕೇರಿಯ ಗಂಡಸರು ಗಾಬರಿಯಾಗಿ ಓಡಿಬಂದರು. ಆಹೋಕ್ ಮಾತ್ರ ಕುಕ್ಕರಗಾಲಲ್ಲಿ ಕುಳಿತು ಚೂರುಗಳನ್ನು ಒಂದೊಂದಾಗಿ ಆರಿಸಿ, ಅವರ ಕ್ರಮದಂತೆ ಕೆಂಪು ಬಟ್ಟೆಯಲ್ಲಿ ಕಟ್ಟಿ, ಹೆಂಡತಿಯ ಕೈಗೆ ಕೊಟ್ಟ.

“ಇಲ್ಲ್ ಅವ್ಳಿಗ್ ಒಂದ್ ಬಟ್ಲ್ ಇತ್ತ್, ಹಾಂಗಾಯಿ ನಾನ್ ಇಲ್ಲ್ ಕೂತ್ಕಂಡಿದ್ದೆ,” ಎಂದ. “ಈಗ ನಾನೇ ಹೋಯ್ಕ್.”

ಅವನು ಮಾರನೆಯ ದಿನ ಹಡಗು ಹತ್ತಿದ. ಯಾವುದನ್ನು ತಡೆಯಲು ಬಚ್ಚಿ ಬಟ್ಟಲು ಒಡೆದಳೋ ಅದನ್ನೇ ಕೈಯಾರೆ ತಂದುಕೊಂಡಿದ್ದಳು. ತವರಿನವರು ಬಂದು, ಆದದ್ದಾಯಿತು, ಮನೆಗೆ ಬಾ, ಪಂಕ್ತಿಗೆ ಸೇರಿಸುತ್ತೇವೆ ಎಂದು ಕರೆದರು. ಅವಳು ಹೋಗಲಿಲ್ಲ. ಮಳೆಗಾಲ ಕಳೆಯಿತು. ಗಂಡ ಆ ಬೆಣ್ಣೆ ಬಣ್ಣದವಳ ಕೈಯಡುಗೆ ಉಣ್ಣುತ್ತಿದ್ದಾನೆಂದು ನೆನೆದು ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ ಎನ್ನುತ್ತಾರೆ. ಅವರ ಹೊಸ ವರ್ಷ ಮತ್ತೆ ಬಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಒಂದು ಎಲೆ ಹಾಕಿ ಗಂಡನ ಹೆಸರಿನಲ್ಲಿ ಅನ್ನ ಬಡಿಸಿದಳು. ಬಟ್ಟಲಿಟ್ಟು ಕಾಯುವವರ ಸಂಕಟವೇನೆಂದು ಅವಳಿಗೆ ಅಂದು ತಿಳಿಯಿತು.

ಆಹೋಕ್ ಬಂದದ್ದು ಅದಾಗಿ ಕೆಲವು ವಾರಗಳ ಮೇಲೆ, ಅರಬರ ಒಂದು ಹಡಗಿನಲ್ಲಿ. ಇಳಿದು ಬಂದವನು ಗೋಳಿಮರದ ಕೆಳಗೆ ಗಂಟು ಬಿಚ್ಚಿದ. ಒಳಗೆ ಅದೇ ನೀಲಿ ಮೀನಿನ ಬಟ್ಟಲು, ಒಡೆದದ್ದರ ಜೋಡಿ. ಅವನ ಮೊದಲ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತಂತೆ. ಬಚ್ಚಿ ಕೊನೆಯ ಮೂರು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು ಮಣ್ಣಾದವಳ ಮೇಲೆ. ಅಷ್ಟೇ ಅಲ್ಲ. ನೆರೆಮನೆಯವರು ಅವನಿಗೆ ಹೇಳಿದರಂತೆ: ನೀನು ಅಲ್ಲಿ ಮದುವೆಯಾದೆ ಎಂಬ ಸುದ್ದಿ ಹಡಗಿನವರಿಂದ ತಿಳಿದ ವರ್ಷದಿಂದ ಅವಳು ಹಬ್ಬದ ಊಟಕ್ಕೆ ಎರಡು ಬಟ್ಟಲು ಹೆಚ್ಚು ಇಡುತ್ತಿದ್ದಳು. ಮರದ್ದು ನಿನಗೆ, ಈ ಒಳ್ಳೆಯದು ನಿನಗೆ ಅನ್ನ ಬೇಯಿಸಿ ಹಾಕುವವಳಿಗೆ.

ಬಚ್ಚಿ ಬಟ್ಟಲನ್ನು ಕೈಗೆತ್ತಿಕೊಂಡು, “ನನ್ನನ್ ಎಂತ ಅಂದೇಳಿ ಕರೀತಿದ್ಲಂಬ್ರ್?” ಎಂದು ಕೇಳಿದಳು.

“ತಂಗಿ ಅಂದೇಳಿ.”

“ತಂಗಿ ಅಂಬುಕೆ ಅವ್ಳ್ ಯಾರ್?” ಎಂದಳು ಬಚ್ಚಿ. ಆಮೇಲೆ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಇದರಲ್ಲೂ ಅವಳೇ ನನಗಿಂತ ಮುಂದೆ ಹೋದಳಲ್ಲ ಎಂಬ ಹೊಟ್ಟೆಕಿಚ್ಚು ಆ ಅಳುವಿನಲ್ಲೂ ಇತ್ತು ಎಂದು ನಮ್ಮಲ್ಲಿ ಹೇಳುತ್ತಾರೆ. ನಾನದನ್ನು ನಂಬುತ್ತೇನೆ. ಆ ಬೇಸಿಗೆಯಲ್ಲೇ ಅವಳು ಗಂಡನಿಂದ ಮರದ ಬುಡಕ್ಕೆ ಕಟ್ಟೆ ಕಟ್ಟಿಸಿ, ಕೆಂಪು ಬಟ್ಟೆಯ ಗಂಟನ್ನು ಬಿಚ್ಚಿ, ಚೂರುಗಳನ್ನು ತಾನೇ ಹಸಿ ಗಾರೆಗೆ ಒತ್ತಿದಳು. ಸತ್ತವಳ ಹೆಸರನ್ನು ಅವಳು ಗಂಡನಲ್ಲಿ ಕೇಳಲೇ ಇಲ್ಲ. ಕಟ್ಟೆ ಯಾರದೆಂದು ಕೇಳಿದವರಿಗೆಲ್ಲ ನನ್ನ ಸವತಿಯದು ಎನ್ನುತ್ತಿದ್ದಳು. ಆ ಹೆಸರೇ ನಿಂತಿತು.

ಹೊಕ್ಕಾಚಾರಿ ಮನೆಯವರು ಈಗಲೂ ಮರಳುಕೋಡಿಯಲ್ಲಿದ್ದಾರೆ, ಬೋಟುಗಳ ಇಂಜಿನ್ ರಿಪೇರಿ ಮಾಡುತ್ತಾರೆ. ಊರ ಊಟದಲ್ಲಿ ಈಗ ಅವರಿಗೂ ಪಂಕ್ತಿಯಿದೆ. ಜೋಡಿ ಬಟ್ಟಲು ಯಾವ ಕಾಲದಲ್ಲೋ ಕಳೆದುಹೋಯಿತು. ಆ ಹೊಸ ವರ್ಷದ ಮುನ್ನಾದಿನ, ಪುಷ್ಯದ ಅಮಾವಾಸ್ಯೆಯ ಸಂಜೆ, ಆ ಮನೆಯ ಹೆಂಗಸರು ಕಟ್ಟೆಯ ಮೇಲೆ ಎರಡು ಬಾಳೆಲೆ ಹಾಕಿ, ಮೊದಲನೆಯದಕ್ಕೆ ಬಚ್ಚಿಯ ಹೆಸರಿನಲ್ಲಿ, ಎರಡನೆಯದಕ್ಕೆ ಸವತಿಯ ಹೆಸರಿನಲ್ಲಿ ಅನ್ನ ಬಡಿಸುವುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಮೀನಿನ ದೊಡ್ಡ ತುಂಡು ಬೀಳುವುದು ಯಾವಾಗಲೂ ಎರಡನೆಯ ಎಲೆಗೆ. ಯಾಕೆ ಹಾಗೆ ಎಂದು ಕಳೆದ ವರ್ಷ ಆ ಮನೆಯ ಹಿರಿಯಾಕೆ ದಾರಮ್ಮನನ್ನು ಕೇಳಿದೆ.

“ಸಣ್ಣ್ ತುಂಡ್ ಹಾಕ್ರೆ,” ಎಂದರು ಅವರು ಬಡಿಸುತ್ತಲೇ, “ಸವ್ತಿ ಎದ್ರಿಗ್ ನಮ್ ಅಜ್ಜಿ ಮರ್ಯಾದಿ ಹೋತಿಲ್ಯಾ?”