ಬೆಕ್ಕಿಗಿಂತ ಮೊದಲು ಬಂದ ಬಣ್ಣನೆ

ಮಕ್ಕಳೇ, ಒಂದು ಶಾಲೆಯ ಹಿಂದೆ ಕೆರೆಯಿತ್ತು. ಅದರಂಚಿನ ಜೊಂಡಿನಲ್ಲಿ ನೀರುಕೋಳಿ ಗೂಡು ಕಟ್ಟಿ ಮೊಟ್ಟೆಯಿಟ್ಟಿತ್ತು. ದಡದ ಹೊಂಗೆಮರದಲ್ಲಿ ಗಿಳಿಯೂ ಗೊರವಂಕವೂ ವಾಸವಾಗಿದ್ದವು.

ಮೊಟ್ಟೆಗಳ ಮೇಲೆ ಕಾಡುಬೆಕ್ಕಿನ ಕಣ್ಣು ಬಿದ್ದಿತ್ತು. ಗೊರವಂಕ ಕಾವಲಿಗೆ ನಿಂತಿತು. ಆದರೆ ಕನ್ನಡದಲ್ಲಿ ಕೂಗಿದರೆ ಬೆಕ್ಕಿಗೂ ತಿಳಿಯುತ್ತದೆ, ಬೇರೆ ದಾರಿ ಹಿಡಿದು ಬರುತ್ತದೆ. "ಇಂಗ್ಲಿಷಿನಲ್ಲೇ ಕೂಗೋಣ" ಎಂದು ತೀರ್ಮಾನವಾಯಿತು. 'ಕ್ಯಾಟ್' ಎಂಬ ಮಾತು ಕಿವಿಗೆ ಬಿದ್ದೊಡನೆ ನೀರುಕೋಳಿ ಮೊಟ್ಟೆಗಳ ಮೇಲೆ ಜೊಂಡೆಳೆದು ಮುಚ್ಚಬೇಕು. ಇಷ್ಟೇ ಏರ್ಪಾಡು.

ಶಾಲೆಯ ಕಿಟಕಿಯಲ್ಲಿ ಕೂತು ಇಂಗ್ಲಿಷ್ ಕಲಿತಿದ್ದ ಗಿಳಿಯೇ ಇಬ್ಬರಿಗೂ ಮೇಷ್ಟ್ರು.

"ನೋಡಪ್ಪ, ಬಣ್ಣಿಸುವ ಮಾತು ಒಂಟಿಯಾಗಿದ್ದರೆ ಮೊದಲು ಇಡು. ಹಂಗ್ರಿ ಕ್ಯಾಟ್, ಹಸಿದ ಬೆಕ್ಕು. ಆ ಮಾತಿಗೆ ಬಾಲ ಬೆಳೆಯಿತೋ, ಬೆಕ್ಕಾದ ಮೇಲೆ ಇಡು. ಕ್ಯಾಟ್ ಹಂಗ್ರಿ ಫಾರ್ ಎಗ್ಸ್, ಮೊಟ್ಟೆಗಾಗಿ ಹಸಿದ ಬೆಕ್ಕು."

"ನಮ್ಮಲ್ಲಿ ಬಾಲ ಎಷ್ಟುದ್ದ ಇದ್ದರೂ ಬೆಕ್ಕು ಕೊನೆಗೇ ಬರೋದು, ಮೇಷ್ಟ್ರೇ!" ಎಂದಿತು ಗೊರವಂಕ.

"ಅದು ನಮ್ಮ ಮಾತು. ಅವರ ಅಂಗಡಿಗೆ ಹೋದರೆ ಅವರದೇ ತೂಕ."

"ಆಯ್ತು, ಗೊತ್ತಾಯ್ತು ಬಿಡಿ!"

ಗಿಳಿ ಕಣ್ಣು ಮುಚ್ಚಿತು. 'ಗೊತ್ತಾಯ್ತು' ಎನ್ನುವವರಿಗೆ ಕಲಿಸಿ ಕಲಿಸಿ ಅದಕ್ಕೆ ಸಾಕಾಗಿತ್ತು.

ಒಂದು ಮಧ್ಯಾಹ್ನ ಬೆಕ್ಕು ಮೈಯೆಲ್ಲ ಕೆಸರು ಮಾಡಿಕೊಂಡು ಬಂದೇ ಬಂತು. ಗೊರವಂಕ ಎದೆಯುಬ್ಬಿಸಿ ಕೂಗಿತು. "ಹಂಗ್ರಿ ಫಾರ್ ಎಗ್ಸ್..."

"ಮೊಟ್ಟೆಗಾಗಿ ಹಸಿದ... ಯಾರು ತಮ್ಮ? ಕಾಗೆಯಾ?" ನೀರುಕೋಳಿ ಆಕಾಶ ನೋಡಿತು.

"ಇರಕ್ಕ, ಇನ್ನೂ ಇದೆ! ಫುಲ್ ಆಫ್ ಮಡ್..."

"ಮೈಯೆಲ್ಲ ಕೆಸರಾದ... ಅಯ್ಯೋ, ಎಮ್ಮೆಯಾ? ಗೂಡು ತುಳಿದುಬಿಟ್ಟೀತು!" ನೀರುಕೋಳಿ ಎಮ್ಮೆಯನ್ನು ಹುಡುಕುತ್ತ ಆಚೆ ಈಜಿತು.

ಹಿಂದೆ ಜೊಂಡು ಸರಸರ ಎಂದಿತು. ಆಮೇಲೆ ಚಪ್ಪರಿಸುವ ಸದ್ದು.

"...ಕ್ಯಾಟ್!" ಎಂದು ಗೊರವಂಕ ವಾಕ್ಯ ಮುಗಿಸಿತು.

ನೀರುಕೋಳಿ ತಿರುಗಿ ಬಂದಾಗ ಗೂಡಿನಲ್ಲಿ ಬರೀ ಚಿಪ್ಪು. ಗಿಳಿ ತಾನು ಹೇಳುವುದನ್ನು ಮೊದಲೇ ಹೇಳಿಯಾಗಿತ್ತು.

"ಅಲ್ಲಕ್ಕ, ನಾನು ಒಂದು ಮಾತನ್ನೂ ಬಿಟ್ಟಿಲ್ಲವಲ್ಲ?" ಎಂದು ಗೊರವಂಕ ಗೊಣಗಿತು.

"ಇಲ್ಲ ತಮ್ಮ, ನೀನು ಒಂದು ಮಾತನ್ನೂ ಬಿಟ್ಟಿಲ್ಲ" ಎಂದಿತು ನೀರುಕೋಳಿ, ಚಿಪ್ಪುಗಳನ್ನು ನೀರಿಗೆ ತಳ್ಳುತ್ತ. "ಬೆಕ್ಕು ಒಂದು ಮೊಟ್ಟೆಯನ್ನೂ ಬಿಟ್ಟಿಲ್ಲ."

ನೀತಿ: ಪರರ ಭಾಷೆಯಲ್ಲಿ ವ್ಯವಹರಿಸುವವನು ಅವರ ಮಾತುಗಳ ಜೊತೆಗೆ ಮಾತು ಜೋಡಿಸುವ ಕ್ರಮವನ್ನೂ ಕಲಿಯಬೇಕು, ಅರ್ಧ ಕಲಿತವನ ನಷ್ಟವನ್ನು ಅವನನ್ನು ನಂಬಿದವರು ತುಂಬುತ್ತಾರೆ.