ಬೆಳಕು ಬಿದ್ದ ಜಾಗ

"ಗುರುಗಳೇ, ಮಾಡಿದ ತಪ್ಪಿಗೆ ಮನಸಾರೆ ನಾಚಿದವನು ಆ ತಪ್ಪಿನಿಂದ ಬಿಡುಗಡೆ ಹೊಂದಿದಂತೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವಿಜ್ಞಾನಿ ಇದ್ದ. ಜೀವಕೋಶದೊಳಗೆ ಆಕ್ಟಿನ್ ಎಂಬ ಎಳೆಗಳಿರುತ್ತವೆ. ಕೋಶ ತನ್ನ ಆಕಾರದಲ್ಲಿ ನಿಲ್ಲುವುದು ಅವುಗಳ ಬಲದಿಂದ. ಸುಮ್ಮನೆ ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಅವು ಕಾಣುವುದಿಲ್ಲ. ಅದಕ್ಕೊಂದು ಉಪಾಯವಿದೆ. ವಿಷದ ಅಣಬೆಯೊಂದರಲ್ಲಿ ಸಿಕ್ಕಿದ ವಸ್ತುವಿಗೆ ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಎಂಥ ಸೊಗಸು ನೋಡು, ಅದು ಬೇರೆಲ್ಲವನ್ನೂ ಬಿಟ್ಟು ಈ ಎಳೆಗಳನ್ನೇ ಹೋಗಿ ಹಿಡಿದುಕೊಳ್ಳುತ್ತದೆ. ಕತ್ತಲೆ ಕೋಣೆಯಲ್ಲಿ ಅದರ ಮೇಲೆ ನೀಲಿ ದೀಪ ಬಿಟ್ಟರೆ ಎಳೆಗಳು ಹಸಿರಾಗಿ ಬೆಳಗುತ್ತವೆ. ಆದರೆ ದೀಪ ಹೆಚ್ಚು ಹೊತ್ತು ಬಿದ್ದ ಕಡೆ ಬಣ್ಣ ಸತ್ತುಹೋಗುತ್ತದೆ, ಎಳೆ ಇದ್ದರೂ ಕಾಣುವುದಿಲ್ಲ. ನೋಡುವಾಗ ಮಾತ್ರ ದೀಪದ ಶಟರ್ ತೆರೆಯಬೇಕು, ಕಣ್ಣು ತೆಗೆದೊಡನೆ ಮುಚ್ಚಬೇಕು. ತನ್ನಲ್ಲಿಗೆ ಬಂದವರಿಗೆಲ್ಲ ವಿಜ್ಞಾನಿ ಕಲಿಸುತ್ತಿದ್ದ ಮೊದಲ ಪಾಠವೇ ಅದು.

ಒಂದು ಔಷಧಿ ಹಾಕಿದರೆ ಈ ಎಳೆಗಳು ಕರಗಿಹೋಗುತ್ತವೆ ಎಂದು ಅವನು ಬಹುಕಾಲದಿಂದ ಸಾಧಿಸುತ್ತ ಬಂದಿದ್ದ. ಅವನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ, ಔಷಧಿ ಹಾಕಿದ ಮೇಲೂ ಎಳೆಗಳು ಗಟ್ಟಿಯಾಗಿಯೇ ಇವೆ ಎಂದಳು. ಅವಳು ಕಂಡದ್ದು ಸುಳ್ಳಾದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಅವನಿಗೆ ತೋರಿಸಲೆಂದು ಕತ್ತಲೆ ಕೋಣೆಯಲ್ಲಿ ಅವಳು ಔಷಧಿ ಹಾಕಿದ ಕೋಶಗಳ ಸ್ಲೈಡ್ ಇಟ್ಟು, ಎಳೆಗಳು ಕಾಣುವ ಜಾಗಕ್ಕೆ ಹೊಂದಿಸಿ ಎದ್ದಳು. ಅವನು ಕುಳಿತು ಶಟರ್ ತೆರೆದ. ಕಣ್ಣಿಡುವ ಮೊದಲು ಎರಡು ಮಾತು ಹೇಳಬೇಕೆನಿಸಿತು. ತಿಳಿದವರ ಎರಡು ಮಾತು ಎಷ್ಟು ಉದ್ದವೆಂದು ನಿನಗೆ ಗೊತ್ತಲ್ಲ! ಆ ಔಷಧಿಯನ್ನು ತಾನು ಮೊದಲು ಮುಟ್ಟಿದ ಕಾಲದಿಂದ ಶುರುಮಾಡಿದ.

"ಸರ್, ದೀಪ..." ಎಂದಳು ಅವಳು ಮೆಲ್ಲಗೆ.

"ದೀಪಕ್ಕೇನಾಗಿದೆ? ಚೆನ್ನಾಗಿಯೇ ಉರಿಯುತ್ತಿದೆ. ಹೇಳುವುದನ್ನು ಕೇಳಮ್ಮ."

ಎಲ್ಲ ಹೇಳಿ ಮುಗಿಸಿ ಕಣ್ಣಿಟ್ಟ. ಬರೀ ಕತ್ತಲೆ. ಅವನಿಗೆ ಸಂತೋಷವೇ ಆಯಿತು. ಹೊರಗೆ ಪ್ರಯೋಗಾಲಯದಲ್ಲಿದ್ದವರನ್ನೆಲ್ಲ ಕರೆದ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು.

"ಇವಳಿಗೆ ಎಳೆ ಕಾಣಿಸಿತಂತಪ್ಪ. ನಿಮಗೆ ಕಾಣದಿದ್ದರೆ ಇವಳ ಕಣ್ಣು ಸಾಲ ತೆಗೆದುಕೊಳ್ಳಿ" ಎಂದ.

ಎಲ್ಲರೂ ನಕ್ಕರು. ಅವಳು ಗ್ಲೌಸು ಕಳಚಿ ಹೊರಗೆ ನಡೆದಳು. ನಕ್ಕವರೂ ಹೋದರು.

ಅವನು ಸ್ಲೈಡನ್ನು ತೆಗೆಯಹೋದಾಗ ಕೈ ತಾಗಿ ಅದು ತುಸು ಸರಿಯಿತು. ಸೂಕ್ಷ್ಮದರ್ಶಕದೊಳಗೆ ಏನೋ ಹಸಿರು ಮಿನುಗಿತು. ಅವನು ಲೆನ್ಸ್ ಬದಲಿಸಿ ಅಗಲವಾಗಿ ನೋಡಿದ. ಎಲ್ಲೆಲ್ಲೂ ಎಳೆಗಳು, ಗಟ್ಟಿಯಾಗಿ, ಒತ್ತೊತ್ತಾಗಿ, ಅವಳು ಹೇಳಿದ ಹಾಗೆಯೇ. ನಡುವೆ ಮಾತ್ರ ಒಂದು ಕಪ್ಪು ದುಂಡು. ತಾನು ಮಾತಾಡುತ್ತಿದ್ದಷ್ಟು ಹೊತ್ತೂ ದೀಪ ಬಿದ್ದಿದ್ದ ಜಾಗ ಅದು.

ಆ ಕತ್ತಲೆಯಲ್ಲೂ ಅವನಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಕೊನೆಗೆ ಬಾಗಿಲನ್ನು ಒಂದಿಷ್ಟೇ ತೆರೆದು ಅವಳನ್ನು ಒಳಗೆ ಕರೆದ. ಅವಳು ಬಂದ ಮೇಲೆ ಬಾಗಿಲು ಮುಚ್ಚಿದ. "ತಪ್ಪು ನನ್ನದಮ್ಮ, ಕ್ಷಮಿಸು" ಎಂದ. ಕಣ್ಣಲ್ಲಿ ನೀರಿತ್ತು, ಅದೂ ನಿಜ.

ಗುರುಗಳು ಕತೆ ನಿಲ್ಲಿಸಿದರು.

"ಅಷ್ಟು ನಾಚಿ, ಅಷ್ಟು ಬೇಡಿಕೊಂಡ ಮೇಲೆ ಇನ್ನೇನು ಉಳಿಯಿತು, ಗುರುಗಳೇ?" ಎಂದ ಶಿಷ್ಯ.

"ನಕ್ಕವರನ್ನು ಅವನು ಒಳಗೆ ಕರೆಯಲಿಲ್ಲ" ಎಂದರು ಗುರುಗಳು.