ಹಾವೆನಿಸಿಕೊಂಡ ಪತಂಗಮ್ಮ

ಕಾಡುರೇಷ್ಮೆಯ ದೊಡ್ಡ ಪತಂಗಮ್ಮ ಒಬ್ಬಳು ಪೇರಳೆ ಎಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತಿದ್ದಳು. ಹುಳ ಹಿಡಿಯಲು ಬಂದ ಕಾಜಾಣ ಅವಳ ರೆಕ್ಕೆಯ ತುದಿಯಲ್ಲಿದ್ದ ಹಾವಿನ ತಲೆಯಂಥ ಚಿತ್ತಾರ ಕಂಡು, ಹಾವೆಂದೇ ಬಗೆದು ಥಟ್ಟನೆ ಹಿಂದಕ್ಕೆ ಹಾರಿ ಕೂತಿತು.

"ಏನು ಹಾವಮ್ಮ, ಇಷ್ಟು ಬಡಕಲಾಗಿದ್ದೀಯ? ಹೆಡೆ ಎತ್ತೋಕೂ ತ್ರಾಣ ಇಲ್ವಾ?"

ಪತಂಗಮ್ಮನಿಗೆ ಮೈಯೆಲ್ಲ ಉರಿಯಿತು. ಅವಳಷ್ಟು ಅಗಲದ ರೆಕ್ಕೆ ಆ ತೋಪಿನಲ್ಲಿ ಇನ್ನಾವ ಪತಂಗಕ್ಕೂ ಇರಲಿಲ್ಲ. ಆದರೆ ತಾನು ಯಾರೆಂದು ಹೇಳಿದರೆ ಕಾಜಾಣ ತಿಂದುಬಿಡುತ್ತದೆ, ಅರ್ಧ ಮೊಟ್ಟೆಗಳು ಇನ್ನೂ ಹೊಟ್ಟೆಯಲ್ಲೇ ಇವೆ.

"ವಯಸ್ಸಾಯ್ತಪ್ಪ," ಎಂದು ಅವಳು ರೆಕ್ಕೆಯ ತುದಿ ಅಲ್ಲಾಡಿಸಿದಳು. "ತ್ರಾಣ ಎಷ್ಟಿದೆ ಅಂತ ಹತ್ತಿರ ಬಂದು ನೋಡು."

ಕಾಜಾಣ ಬರಲಿಲ್ಲ. ದೂರದಿಂದಲೇ ಹಂಗಿಸುತ್ತ ಕೂತಿತು. ಅವಳು ಮೊಟ್ಟೆಯಿಡುತ್ತಲೇ ಇದ್ದಳು. ಕೊನೆಯ ಮೊಟ್ಟೆ ಎಲೆಗೆ ಅಂಟಿದ ಮೇಲೆ ಆ ಮರವನ್ನೇ ಬಿಟ್ಟು ದೂರದ ಬೇಲಿಗೆ ಹಾರಿದಳು. ಕಾಜಾಣ ಬೆನ್ನಟ್ಟಿ ಬಂತು.

"ಇದೇನಿದು, ಹಾವು ಹಾರುತ್ತಾ?"

"ಹಾವಲ್ಲ ಕಣೋ, ನಾನು ಪತಂಗ. ಈಗ ಸರಿಯಾಗಿ ನೋಡು," ಎಂದು ಅವಳು ನಾಲ್ಕೂ ರೆಕ್ಕೆಗಳನ್ನು ಪೂರ್ತಿ ಬಿಡಿಸಿ ಕೂತಳು.

ಕಾಜಾಣಕ್ಕೆ ಹಸಿವಿತ್ತು. ಆದರೂ ಕೊಕ್ಕು ತೆರೆಯುವ ಮುಂಚೆ ಅದು ಒಂದು ಗಳಿಗೆ ನೋಡುತ್ತಲೇ ನಿಂತಿತು.